ನೊಲೆನ್ ಗುಡ್ ಕಾಲದ ಬಂಗಾಳಿ ಸಿಹಿಗಳು: ಯಾವುದನ್ನು ಎಲ್ಲಿ ತಿನ್ನಬೇಕು, ಮನೆಯಲ್ಲಿ ಏನು ಮಾಡಬಹುದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರಿಗೆ ಶಿವಮೊಗ್ಗದಿಂದ ಕೋಲ್ಕತ್ತಕ್ಕೆ ವರ್ಗವಾದ್ದರಿಂದ ನಾವು ಬೇಹಾಲಾದಲ್ಲಿ ಮನೆ ಮಾಡಿದ್ದೇವೆ, ಮತ್ತು ಇದು ಇಲ್ಲಿ ನಮ್ಮ ಮೊದಲ ಚಳಿಗಾಲ. ದುರ್ಗಾಪೂಜೆಯ ಹೊತ್ತಿನಲ್ಲಿ ಬೆಳ್ಳಗಿದ್ದ ಸಂದೇಶ್ ಮತ್ತು ರಸಗುಲ್ಲಗಳು ಡಿಸೆಂಬರ್ ಬರುತ್ತಿದ್ದಂತೆ ತಿಳಿಕಂದು ಬಣ್ಣಕ್ಕೆ ತಿರುಗಿವೆ; ಬೀದಿಯ ಪ್ರತಿಯೊಂದು ಮಿಠಾಯಿ ಅಂಗಡಿಯಲ್ಲೂ ನೊಲೆನ್ ಗುಡ್ ಬಂದಿದೆ ಎಂಬ ಫಲಕ ಕಾಣುತ್ತಿದೆ. ಕೆಳಗಿನ ಮನೆಯ ಹಿರಿಯರು ಮೊನ್ನೆ ಒಂದು ಬಟ್ಟಲು ಪಾಯೇಶ್ ಕಳಿಸಿದ್ದರು. ಹಾಲು, ಅಕ್ಕಿ, ಬೆಲ್ಲ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ, ಏಲಕ್ಕಿಯೂ ಇರಲಿಲ್ಲ. ಆದರೂ ಅಂಥ ಪರಿಮಳವನ್ನು ನಾನು ನಮ್ಮ ಕಬ್ಬಿನ ಬೆಲ್ಲದ ಪಾಯಸದಲ್ಲಿ ಎಂದೂ ಕಂಡಿಲ್ಲ.

ನೊಲೆನ್ ಗುಡ್ ಎಂದರೆ ಈಚಲು ಮರದ ಬೆಲ್ಲವೆಂದು ಅವರೇ ಹೇಳಿದರು. ನಮ್ಮ ಕಡೆಯೂ ಈಚಲು ಮರಗಳಿವೆ, ಆದರೆ ನಮಗೆ ಅದರ ಹೆಂಡ ಮತ್ತು ಚಾಪೆ ಗೊತ್ತೇ ಹೊರತು ಬೆಲ್ಲ ಗೊತ್ತಿಲ್ಲ. ಈ ಬೆಲ್ಲ ಚಳಿಗಾಲದಲ್ಲಿ ಮಾತ್ರ ಏಕೆ ಬರುತ್ತದೆ, ಒಳ್ಳೆಯದನ್ನು ಗುರುತಿಸುವುದು ಹೇಗೆ, ಅಂಗಡಿಯಲ್ಲಿ ತಿನ್ನಲೇಬೇಕಾದ ಸಿಹಿಗಳು ಯಾವುವು, ಹಾಲು ಒಡೆಯದಂತೆ ಮನೆಯಲ್ಲಿ ಪಾಯೇಶ್ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬಹಳ ಕಾಲದಿಂದ ಇರುವ ಕನ್ನಡಿಗರಿಂದ ತಿಳಿಯುವ ಆಸೆ. ಸಂಕ್ರಾಂತಿಗೆ ಅತ್ತೆ ಮಾವ ಬರುವವರಿದ್ದಾರೆ. ಅವರಿಗೆ ಇಲ್ಲಿನ ಹಬ್ಬದ ಸಿಹಿಯನ್ನೇ ಮಾಡಿ ಬಡಿಸಬೇಕೆಂದಿದ್ದೇನೆ. ಬೆಳಗಿನ ಜಾವ ಮರದಿಂದ ಇಳಿಸಿದ ರಸವನ್ನು ಹಾಗೆಯೇ ಕುಡಿಯುವ ರೂಢಿಯೂ ಇದೆಯಂತೆ. ಮಕ್ಕಳಿಗೆ ಅದನ್ನು ಕೊಡಬಹುದೇ?

ಕೃಷ್ಣನಗರದ ಕನ್ನಡಿಗ

ನಮಸ್ಕಾರ ಅಕ್ಕ. ನಾನು ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಈ ಬೆಲ್ಲ ತಯಾರಾಗುವ ಹಳ್ಳಿಗಳು ನಮ್ಮ ಸುತ್ತಲೇ ಇರುವುದರಿಂದ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಬೆಲ್ಲ ಅರ್ಥವಾದರೆ ಉಳಿದ ಸಿಹಿಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮರದಿಂದ ರಸ ಇಳಿಸುವವರನ್ನು ಇಲ್ಲಿ ಶಿಉಲಿ ಎನ್ನುತ್ತಾರೆ. ಇವರಲ್ಲಿ ಅನೇಕರಿಗೆ ಸ್ವಂತ ಮರಗಳಿರುವುದಿಲ್ಲ. ಒಡೆಯರಿಂದ ಋತುವಿಗೆ ಇಷ್ಟೆಂದು ಮಾತಾಡಿ, ಹಣವನ್ನೋ ಬೆಲ್ಲವನ್ನೋ ಕೊಟ್ಟು, ಮರಗಳನ್ನು ಗುತ್ತಿಗೆ ಹಿಡಿಯುತ್ತಾರೆ. ಮಳೆಗಾಲ ಮುಗಿದ ಮೇಲೆ ಮರದ ನೆತ್ತಿಯ ಒಂದು ಪಕ್ಕದ ಗರಿಗಳನ್ನು ಸವರಿ, ಅಲ್ಲಿನ ತೊಗಟೆಯನ್ನು ಹೆರೆದು ಬಿಳಿಯ ಭಾಗ ಕಾಣುವಂತೆ ಮಾಡುತ್ತಾರೆ. ಆ ಗಾಯ ಕೆಲವು ದಿನ ಒಣಗಬೇಕು. ಬಳಿಕ ಅದರ ಕೆಳತುದಿಗೆ ಬಿದಿರಿನ ಸಣ್ಣ ನಳಿಗೆಯನ್ನು ಹೊಡೆದು, ಸಂಜೆಯ ಹೊತ್ತು ತೆಳ್ಳಗೆ ಒಂದು ಪದರ ಕೆತ್ತಿ ಮಣ್ಣಿನ ಮಡಕೆ ಕಟ್ಟುತ್ತಾರೆ. ಒಂದು ವರ್ಷ ಒಂದು ಪಕ್ಕ ಕೆತ್ತಿದರೆ ಮರುವರ್ಷ ಎದುರು ಪಕ್ಕ. ಆದ್ದರಿಂದ ಹಳೆಯ ಮರದ ಕಾಂಡದಲ್ಲಿ ಎಡಬಲಕ್ಕೆ ಕಚ್ಚುಗಳು ಮೆಟ್ಟಿಲಿನಂತೆ ಸಾಲಾಗಿ ಕಾಣುತ್ತವೆ, ಅವನ್ನು ಎಣಿಸಿದರೆ ಆ ಮರ ಎಷ್ಟು ಚಳಿಗಾಲ ರಸ ಕೊಟ್ಟಿದೆ ಎಂಬ ಅಂದಾಜು ಸಿಗುತ್ತದೆ.

ಇದು ಚಳಿಗಾಲದ್ದೇ ಏಕೆ ಎಂಬುದಕ್ಕೆ ಉತ್ತರ ಆ ಮಡಕೆಯಲ್ಲಿದೆ. ಈಚಲಿನ ರಸದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಸಕ್ಕರೆ ಇರುತ್ತದೆ, ಮತ್ತು ಸೆಖೆಯಿದ್ದರೆ ಅದು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದೇ ಮರ ಹೆಂಡಕ್ಕೆ ಹೆಸರಾದದ್ದು ಈ ಹುಳಿಯುವ ಗುಣದಿಂದಲೇ. ಬಂಗಾಳದಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ರಾತ್ರಿ ಸಾಕಷ್ಟು ತಣ್ಣಗಿರುವುದರಿಂದ ರಸ ಬೆಳಗಿನವರೆಗೆ ಸಿಹಿಯಾಗಿಯೇ ಉಳಿಯುತ್ತದೆ. ಆಕಾಶ ನಿಚ್ಚಳವಾಗಿದ್ದು ಚೆನ್ನಾಗಿ ಚಳಿ ಬಿದ್ದ ರಾತ್ರಿಯ ರಸ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಮೋಡ ಕವಿದು ಸೆಖೆಯಾದರೆ ಕದಡಿದಂತಾಗುತ್ತದೆ, ಬೆಲ್ಲವೂ ಕಪ್ಪಾಗುತ್ತದೆ. ಮಡಕೆಯ ಒಳಮೈಗೆ ಹೊಗೆ ಹಿಡಿಸುವುದು ಅಥವಾ ಸುಣ್ಣ ಸವರುವುದು ಹುಳಿ ತಡೆಯುವುದಕ್ಕಾಗಿ.

ಇನ್ನೊಂದು ಸಂಗತಿಯನ್ನು ಬೆಲ್ಲ ಕೊಳ್ಳುವವರು ತಿಳಿದಿರಬೇಕು. ಮರವನ್ನು ಪ್ರತಿ ರಾತ್ರಿಯೂ ಕೆತ್ತುವಂತಿಲ್ಲ. ಎರಡು ಮೂರು ದಿನ ವಿಶ್ರಾಂತಿ ಕೊಟ್ಟ ಮೇಲೆ ಮೊದಲ ರಾತ್ರಿ ಇಳಿಯುವ ರಸಕ್ಕೆ ಜಿರೇನ್ ಕಾಟ್ ಎಂದು ಹೆಸರು. ಪರಿಮಳವೆಲ್ಲ ಇರುವುದು ಇದರಲ್ಲಿ. ಎರಡನೆಯ ರಾತ್ರಿಯದು ದೋಕಾಟ್, ಅದರ ಸೊಗಸು ಸ್ವಲ್ಪ ಕಡಿಮೆ. ಮೂರನೆಯದು ಇನ್ನೂ ಸಪ್ಪೆ. ಸೂರ್ಯ ಮೇಲೇರುವ ಮೊದಲೇ ಮಡಕೆಗಳನ್ನು ಇಳಿಸಿ, ರಸವನ್ನು ಸೋಸಿ, ಅಗಲವಾದ ಕೊಪ್ಪರಿಗೆಯಲ್ಲಿ ಒಣ ಎಲೆ ಗರಿಗಳ ಉರಿಯ ಮೇಲೆ ಕಾಯಿಸುತ್ತಾರೆ. ಎಂಟು ಹತ್ತು ಲೀಟರ್ ರಸ ಬತ್ತಿದರೆ ಒಂದು ಕಿಲೋ ಬೆಲ್ಲ. ಎಳೆಪಾಕದಲ್ಲಿ ಇಳಿಸಿದರೆ ಝೋಲಾ ಗುಡ್. ಶಿವಮೊಗ್ಗದವರಾದ ನಿಮಗೆ ಇದು ಈಚಲಿನ ಜೋನಿ ಬೆಲ್ಲವೆಂದರೆ ಸಾಕು. ಅಚ್ಚು ಬೆಲ್ಲ, ಅಂದರೆ ಪಾಟಾಲಿ, ಬೇಕೆಂದರೆ ಪಾಕವನ್ನು ಇನ್ನೂ ಮುಂದುವರಿಸಿ, ಸೌಟಿನ ಬೆನ್ನಿನಿಂದ ಸ್ವಲ್ಪ ಬೆಲ್ಲವನ್ನು ಕೊಪ್ಪರಿಗೆಯ ಅಂಚಿಗೆ ಉಜ್ಜುತ್ತಾರೆ. ಉಜ್ಜಿದಷ್ಟೂ ಅದು ಬಿಳಿಚಿ ಕಾಳು ಕಟ್ಟುತ್ತದೆ. ಆ ಕಾಳನ್ನು ಉಳಿದ ಪಾಕಕ್ಕೆ ಕಲಸಿದೊಡನೆ ಇಡೀ ಕೊಪ್ಪರಿಗೆ ಗಟ್ಟಿಯಾಗಲು ತೊಡಗುತ್ತದೆ, ಕೂಡಲೇ ಮಣ್ಣಿನ ಮುಚ್ಚಳಗಳಿಗೋ ಬಟ್ಟೆ ಹಾಸಿದ ಅಚ್ಚುಗಳಿಗೋ ಸುರಿಯಬೇಕು. ಈ ಹಂತದಲ್ಲಿ ಶಿಉಲಿಯ ಮನೆಯವರು ಯಾರೊಡನೆಯೂ ಮಾತಾಡುವುದಿಲ್ಲ, ಅವರ ಕಣ್ಣು ಕೊಪ್ಪರಿಗೆಯ ಮೇಲೆಯೇ ಇರುತ್ತದೆ.

ಇನ್ನು ಗುರುತಿಸುವ ಬಗೆ. ಶುದ್ಧ ಪಾಟಾಲಿ ಮೆದುವಾಗಿರುತ್ತದೆ, ಬೆರಳಿನಿಂದ ಒತ್ತಿದರೆ ಅಂಚು ಪುಡಿಯಾಗುತ್ತದೆ, ಮುರಿದ ಮೈ ಮಂಕಾಗಿರುತ್ತದೆ. ಸಕ್ಕರೆ ಬೆರೆಸಿದ್ದು ಕಲ್ಲಿನಂತೆ ಗಟ್ಟಿಯಾಗಿದ್ದು, ಒಡೆದಾಗ ಒಳಗೆ ಹರಳು ಮಿನುಗುತ್ತದೆ. ಬಣ್ಣ ತೀರ ಹೊಂಬಣ್ಣವಾಗಿದ್ದರೂ ಅನುಮಾನಿಸಿ, ರಾಸಾಯನಿಕದಿಂದ ಬಿಳುಪು ಬರಿಸುವುದುಂಟು. ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡದೆ ಕೊಳ್ಳಬೇಡಿ. ಉಪ್ಪುಪ್ಪಾಗಿದ್ದರೆ ಬೇಡ. ಕಹಿಯಿದ್ದರೆ ಪಾಕ ಸೀದಿದೆ. ದೂರದಿಂದಲೇ ಮೂಗಿಗೆ ಹೊಡೆಯುವ ಸುವಾಸನೆ ಬಾಯಲ್ಲಿ ಕರಗಿದ ಮೇಲೆ ಉಳಿಯದಿದ್ದರೆ ಅದು ಎಸೆನ್ಸ್. ಒಳ್ಳೆಯ ಬೆಲ್ಲದ ಪರಿಮಳ ಮೊದಲು ಸೌಮ್ಯವಾಗಿದ್ದು ನುಂಗಿದ ಮೇಲೆಯೇ ಹೆಚ್ಚು ತಿಳಿಯುತ್ತದೆ.

ನಮ್ಮ ಜಿಲ್ಲೆಯ ಮಾಜ್‌ದಿಯಾದಲ್ಲಿ ಚಳಿಗಾಲದುದ್ದಕ್ಕೂ ಬೆಲ್ಲದ ಸಂತೆ ನಡೆಯುತ್ತದೆ, ಬೆಳಗಿನಲ್ಲಿ ಹೋದರೆ ಮಾಡಿದವರ ಕೈಯಿಂದಲೇ ಕೊಳ್ಳಬಹುದು. ದಯವಿಟ್ಟು ಅಲ್ಲಿ ಚೌಕಾಸಿ ಮಾಡಬೇಡಿ. ಚಳಿಯಲ್ಲಿ ಮುಳ್ಳಿನ ಮರ ಏರುವ ಈ ಕೆಲಸಕ್ಕೆ ಮಕ್ಕಳು ಬರುತ್ತಿಲ್ಲ, ಮರಗಳೂ ಇಟ್ಟಿಗೆ ಗೂಡುಗಳ ಉರುವಲಾಗಿ ಕಡಿಮೆಯಾಗಿವೆ. ಸಕ್ಕರೆ ಬೆರೆಸದೆ ಮಾಡುವವನಿಗೆ ಬೆರೆಸುವವನ ದರಕ್ಕೆ ಮಾರಲು ಸಾಧ್ಯವೇ ಇಲ್ಲ. ನಾವು ಅಗ್ಗದ್ದನ್ನೇ ಕೇಳುತ್ತಾ ಹೋದರೆ ನಿಜವಾದದ್ದು ಇಲ್ಲವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೂಗ್ಲಿಯ ಸೊಸೆ

ನಾನು ಮಂಡ್ಯದವಳು, ಹೂಗ್ಲಿ ಜಿಲ್ಲೆಯ ಬಂಗಾಳಿ ಮನೆತನಕ್ಕೆ ಸೊಸೆಯಾಗಿ ಬಂದವಳು. ಬೆಲ್ಲದ ವಿಚಾರವನ್ನು ಅಣ್ಣನವರು ಪೂರ್ಣವಾಗಿ ಹೇಳಿದ್ದಾರೆ. ನಾನು ಅಡುಗೆಮನೆಯ ಮಾತು ಹೇಳುತ್ತೇನೆ.

ಮೊದಲು ಪಾಯೇಶ್. ಅದಕ್ಕೆ ಗೋಬಿಂದಭೋಗ್ ಅಕ್ಕಿಯೇ ಬೇಕು. ಸಣ್ಣ ಕಾಳಿನ, ಬೆಣ್ಣೆಯಂಥ ಪರಿಮಳದ ಈ ಅಕ್ಕಿಗೆ 2017ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಒಂದು ಲೀಟರ್ ಗಟ್ಟಿ ಹಾಲಿಗೆ ಒಂದು ಹಿಡಿ ಅಕ್ಕಿ ಸಾಕು. ಅಕ್ಕಿಯನ್ನು ತೊಳೆದು, ನೀರು ಬಸಿದು, ಕಾಲು ಚಮಚ ತುಪ್ಪ ಸವರಿಡಿ. ಹಾಲಿಗೆ ಒಂದು ತೇಜ್‌ಪತ್ತೆ ಹಾಕಿ ಮುಕ್ಕಾಲು ಪಾಲಿಗೆ ಬತ್ತಿದ ಮೇಲೆ ಅಕ್ಕಿ ಸೇರಿಸಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಅಕ್ಕಿ ಬೆರಳಿನಲ್ಲಿ ಹಿಸುಕಿದರೆ ಪೂರ್ತಿ ಕರಗುವಷ್ಟು ಬೇಯಬೇಕು, ಏಕೆಂದರೆ ಬೆಲ್ಲ ಬಿದ್ದ ಮೇಲೆ ಅಕ್ಕಿ ಇನ್ನು ಬೇಯುವುದಿಲ್ಲ. ನೀವು ಕೇಳಿದ ಹಾಲು ಒಡೆಯುವ ಪ್ರಶ್ನೆ ಇಲ್ಲಿ ಬರುತ್ತದೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುವುದರಿಂದ ಕುದಿಯುವ ಹಾಲಿಗೆ ಅದನ್ನು ಹಾಕಿದರೆ ಹಾಲು ಒಡೆಯುತ್ತದೆ. ಒಲೆ ಆರಿಸಿ, ಪಾತ್ರೆಯನ್ನು ಕೆಳಗಿಳಿಸಿ, ಹತ್ತು ನಿಮಿಷ ಬಿಟ್ಟು, ಹೆರೆದ ಪಾಟಾಲಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮತ್ತೆ ಒಲೆಯ ಮೇಲೆ ಇಡಬೇಡಿ. ಒಂದು ಲೀಟರ್ ಹಾಲಿಗೆ ನೂರೈವತ್ತು ಗ್ರಾಂ ಬೆಲ್ಲ ಹಾಕಿ ರುಚಿ ನೋಡಿ, ಬೇಕಾದರೆ ಹೆಚ್ಚಿಸಿ. ಏಲಕ್ಕಿ, ಕೇಸರಿ, ಪಚ್ಚಕರ್ಪೂರ ಯಾವುದೂ ಬೇಡ. ನಮ್ಮತ್ತೆಯವರು ದ್ರಾಕ್ಷಿ ಗೋಡಂಬಿಯನ್ನೂ ಬೇಡವೆನ್ನುತ್ತಾರೆ, ಅದನ್ನು ನಾನೂ ಒಪ್ಪುತ್ತೇನೆ. ಈ ಬೆಲ್ಲದ ಮುಂದೆ ಬೇರೆ ಸುವಾಸನೆಗೆ ಕೆಲಸವಿಲ್ಲ.

ಸಂಕ್ರಾಂತಿಗೆ ಇಲ್ಲಿ ಪೌಷ್ ಪಾರ್ಬಣ್ ಎನ್ನುತ್ತಾರೆ. ನಮ್ಮಲ್ಲಿ ಎಳ್ಳು ಬೆಲ್ಲ ಬೀರುವ ದಿನವೇ ಇಲ್ಲಿ ಪಿಠೆಯ ದಿನ. ಹೊಸ ಅಕ್ಕಿಯ ಹಿಟ್ಟು, ತೆಂಗಿನಕಾಯಿ, ಹೊಸ ಬೆಲ್ಲ, ಹಾಲು, ಈ ನಾಲ್ಕರಿಂದಲೇ ಎಷ್ಟೋ ಬಗೆಯ ಪಿಠೆಗಳು ಹುಟ್ಟುತ್ತವೆ. ಹಳ್ಳಿಗಳಲ್ಲಿ ಹಿಂದಿನ ದಿನ ಒಣಹುಲ್ಲನ್ನು ಹೆಣೆದು, ಅದಕ್ಕೆ ಸಾಸಿವೆ ಹೂವು, ಮಾವಿನ ಎಲೆ ಸಿಕ್ಕಿಸಿ ಕಣಜಕ್ಕೂ ಪೆಟ್ಟಿಗೆಗಳಿಗೂ ಕಟ್ಟುತ್ತಾರೆ. ಇದಕ್ಕೆ ಆಉನಿ ಬಾಉನಿ ಎಂದು ಹೆಸರು. ಅಂಗಳದಲ್ಲಿ ನೆನೆಸಿ ಅರೆದ ಅಕ್ಕಿಯ ಹಿಟ್ಟಿನಿಂದ ಆಲ್ಪನಾ ಬರೆಯುತ್ತಾರೆ.

ಅತ್ತೆ ಮಾವನಿಗೆ ಬಡಿಸಲು ನನ್ನ ಸಲಹೆ ಪಾಟಿಸಾಪ್ಟಾ. ನೀರುದೋಸೆ ಹುಯ್ದು ಅಭ್ಯಾಸವಿರುವ ಕೈಗೆ ಇದು ಬಲು ಸುಲಭ. ಒಂದು ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಮೈದಾ, ಕಾಲು ಲೋಟ ಚಿರೋಟಿ ರವೆ, ಒಂದೆರಡು ಚಮಚ ಬೆಲ್ಲ, ಇಷ್ಟನ್ನು ಉಗುರು ಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ಹೂರಣಕ್ಕೆ ತಾಜಾ ಕಾಯಿತುರಿಯನ್ನು ಪಾಟಾಲಿಯೊಡನೆ ಸಣ್ಣ ಉರಿಯಲ್ಲಿ ಮಗುಚಿ, ಉಂಡೆ ಕಟ್ಟುವ ಹದಕ್ಕೆ ಬಂದಾಗ ಸ್ವಲ್ಪ ಖೋವಾ ಸೇರಿಸಿ. ಬದನೆಕಾಯಿಯ ತೊಟ್ಟಿನ ಭಾಗವನ್ನು ಕತ್ತರಿಸಿ, ಅದನ್ನು ತುಪ್ಪದಲ್ಲಿ ಅದ್ದಿ ಕಾವಲಿಗೆ ಒರೆಸಿಕೊಳ್ಳುವುದು ಇಲ್ಲಿನ ಪದ್ಧತಿ. ಒಂದು ಸೌಟು ಹಿಟ್ಟು ಹುಯ್ದು ತೆಳ್ಳಗೆ ಹರಡಿ, ಮೇಲ್ಮೈ ಆರುತ್ತಿದ್ದಂತೆ ಒಂದು ಅಂಚಿನಲ್ಲಿ ಬೆರಳುದ್ದ ಹೂರಣವಿಟ್ಟು ಸುರುಳಿ ಸುತ್ತಿ. ಕೆಂಪಗಾಗುವವರೆಗೆ ಬಿಡಬಾರದು. ಹೊರಮೈ ಮೆತ್ತಗೆ, ನಸು ಹೊಂಬಣ್ಣದಲ್ಲಿರಬೇಕು.

ದೂಧ್ ಪುಲಿಯನ್ನೂ ಮಾಡಬಹುದು. ಕಡುಬಿಗೆ ಉಕ್ಕರಿಸುವಂತೆಯೇ ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ಬಿಸಿಯಿರುವಾಗಲೇ ನಾದಿ, ಕಾಯಿ ಹೂರಣ ತುಂಬಿ, ಎರಡೂ ತುದಿ ಚೂಪಾಗಿರುವ ಪುಟ್ಟ ದೋಣಿಯಂತೆ ಮಾಡಿ, ಬತ್ತಿಸಿದ ಹಾಲಿನಲ್ಲಿ ಬೇಯಿಸಬೇಕು. ಇದಕ್ಕೂ ಬೆಲ್ಲ ಕೊನೆಯಲ್ಲಿ, ಒಲೆ ಆರಿಸಿದ ಮೇಲೆ. ಉದ್ದಿನ ಬೇಳೆಯ ಹಿಟ್ಟನ್ನು ಚೆನ್ನಾಗಿ ನೊರೆಯೆಬ್ಬಿಸಿ ಕರಿದು ಬೆಲ್ಲದ ಪಾಕದಲ್ಲಿ ನೆನೆಸುವ ರಸ್ ಬೊಡಾ, ಗೆಣಸನ್ನು ಬೇಯಿಸಿ ಹೊದಿಕೆ ಮಾಡುವ ರಾಂಗಾ ಆಲುರ್ ಪುಲಿ, ಹಿಟ್ಟಿನಲ್ಲಿ ಅದ್ದಿ ಕರಿದು ಪಾಕಕ್ಕೆ ಬಿಡುವ ಗೋಕುಲ್ ಪಿಠೆ ಇವೂ ಇವೆ, ಆದರೆ ಮೊದಲ ವರ್ಷವೇ ಎಲ್ಲಕ್ಕೂ ಕೈ ಹಾಕುವ ಅಗತ್ಯವಿಲ್ಲ. ಕರಿಯುವ ಕೆಲಸವೇ ಇಲ್ಲದ್ದು ಬೇಕಿದ್ದರೆ ಆಸ್ಕೆ ಪಿಠೆ ಮಾಡಿ. ಗುಳಿಗಳಿರುವ ಮಣ್ಣಿನ ಸರಾ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅಕ್ಕಿ ಹಿಟ್ಟನ್ನು ಬಿಸಿ ಗುಳಿಗೆ ಹುಯ್ದು ಮುಚ್ಚಳ ಮುಚ್ಚಿ, ಮುಚ್ಚಳದ ಸುತ್ತ ನೀರು ಚಿಮುಕಿಸಿದರೆ ಹಬೆಯಲ್ಲಿ ಉಬ್ಬಿ ಬರುತ್ತದೆ. ಅದನ್ನು ಝೋಲಾ ಗುಡ್‌ನಲ್ಲಿ ಅದ್ದಿ ತಿನ್ನುವಾಗ ನಿಮ್ಮ ಮಾವನವರಿಗೆ ಪಡ್ಡು ನೆನಪಾದರೂ ಆಗಬಹುದು.

ಪಶುವೈದ್ಯ, ಮೈಸೂರು

ಹಸಿ ರಸದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಮಾತ್ರ ಉತ್ತರಿಸುತ್ತೇನೆ: ಮಕ್ಕಳಿಗೆ ಕೊಡಬೇಡಿ, ನೀವೂ ಕುಡಿಯಬೇಡಿ.

ರಾತ್ರಿ ಮಡಕೆ ಕಟ್ಟಿದ ಮರಕ್ಕೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಬಂದು ಕೆತ್ತಿದ ಜಾಗವನ್ನು ನೆಕ್ಕುತ್ತವೆ, ಮಡಕೆಯೊಳಗೂ ಅವುಗಳ ಜೊಲ್ಲು ಮತ್ತು ಮೂತ್ರ ಸೇರುತ್ತವೆ. ಈ ಬಾವಲಿಗಳು ನಿಪಾ ವೈರಸ್ಸಿನ ಸಹಜ ಆಶ್ರಯ. ಬಾಂಗ್ಲಾದೇಶದಲ್ಲಿ 2005ರಲ್ಲಿ ಟಾಂಗೈಲ್ ಜಿಲ್ಲೆಯಲ್ಲಿ ಕಾಣಿಸಿಕೊಂಡ ನಿಪಾ ಸೋಂಕನ್ನು ಪರಿಶೀಲಿಸಿದಾಗ ಅದಕ್ಕೂ ಹಸಿ ಈಚಲು ರಸ ಕುಡಿದದ್ದಕ್ಕೂ ಇರುವ ಸಂಬಂಧ ತಿಳಿದುಬಂತು. ಆ ಬಳಿಕವೂ ಅಲ್ಲಿ ಚಳಿಗಾಲದಲ್ಲಿ ಪ್ರಕರಣಗಳು ಮರಳಿ ಮರಳಿ ಬಂದಿವೆ. ಪಶ್ಚಿಮ ಬಂಗಾಳದಲ್ಲಿಯೂ 2001ರಲ್ಲಿ ಸಿಲಿಗುರಿಯಲ್ಲಿ, 2007ರಲ್ಲಿ ನದಿಯಾದಲ್ಲಿ ನಿಪಾ ಕಾಣಿಸಿಕೊಂಡಿತ್ತು. ಸೋಂಕು ತಗುಲಿದವರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಜನ ಉಳಿಯದಿರುವ ರೋಗವಿದು. ಕೆಲವು ಕಡೆ ಕೆತ್ತಿದ ಜಾಗಕ್ಕೂ ಮಡಕೆಗೂ ಬಿದಿರಿನ ತಡಿಕೆ ಕಟ್ಟಿ ಬಾವಲಿ ತಡೆಯುತ್ತಾರೆ. ಅದು ಒಳ್ಳೆಯ ಕ್ರಮವೇ, ಆದರೆ ನೀವು ಕುಡಿಯುವ ಲೋಟದ ರಸ ಯಾವ ಮರದ್ದೆಂದು ತಿಳಿಯುವ ದಾರಿಯಿಲ್ಲ.

ಬೆಲ್ಲಕ್ಕೆ ಈ ಭಯ ಬೇಡ. ಗಂಟೆಗಟ್ಟಲೆ ಕುದಿದ ರಸದಲ್ಲಿ ವೈರಸ್ ಉಳಿಯುವುದಿಲ್ಲ. ಆದ್ದರಿಂದ ಪಾಟಾಲಿ, ಝೋಲಾ ಗುಡ್ ಮತ್ತು ಅವುಗಳಿಂದ ಮಾಡಿದ ಸಿಹಿಗಳನ್ನು ನಿಶ್ಚಿಂತೆಯಿಂದ ತಿನ್ನಬಹುದು.

ತುಂಗಾತೀರ

ಮೂವರಿಗೂ ಮನಃಪೂರ್ವಕ ವಂದನೆಗಳು. ಹಸಿ ರಸದ ಯೋಚನೆಯನ್ನು ಇಂದೇ ಕೈಬಿಟ್ಟೆವು. ಪಾಟಿಸಾಪ್ಟಾ ಮತ್ತು ಪಾಯೇಶ್ ಎರಡನ್ನೂ ಸಂಕ್ರಾಂತಿಗೆ ನಿಶ್ಚಯಿಸಿದ್ದೇನೆ. ಇನ್ನುಳಿದದ್ದು ಅಂಗಡಿಯ ಸಿಹಿಗಳ ವಿಷಯ. ಅತ್ತೆ ಮಾವ ಊರಿಗೆ ಹಿಂದಿರುಗುವಾಗ ಕೊಂಡೊಯ್ಯಲು ಜಯನಗರದ ಮೋವಾ ಕೊಡಿಸುವಂತೆ ಕೆಳಗಿನ ಮನೆಯವರು ಹೇಳುತ್ತಿದ್ದಾರೆ. ಅದು ಎಷ್ಟು ದಿನ ಕೆಡದೆ ಉಳಿಯುತ್ತದೆ? ಬೆಲ್ಲವನ್ನು ಶಿವಮೊಗ್ಗದವರೆಗೆ ಸಾಗಿಸಬಹುದೇ?

ಕೃಷ್ಣನಗರದ ಕನ್ನಡಿಗ

ಇಲ್ಲಿ ಹೇಳುತ್ತಿರುವುದು ಬೆಂಗಳೂರಿನ ಜಯನಗರವಲ್ಲವೆಂದು ಉಳಿದ ಓದುಗರಿಗಾಗಿ ಹೇಳಿಬಿಡುತ್ತೇನೆ. ಇದು ದಕ್ಷಿಣ 24 ಪರಗಣ ಜಿಲ್ಲೆಯ ಊರು, ಸಿಯಾಲ್ದಾದಿಂದ ಲೋಕಲ್ ರೈಲಿನಲ್ಲಿ ಸುಮಾರು 50 ಕಿಲೋಮೀಟರ್. ಜಯನಗರ ಮಜಿಲ್‌ಪುರ ನಿಲ್ದಾಣಕ್ಕೆ ಒಂದು ನಿಲ್ದಾಣ ಹಿಂದೆ ಸಿಗುವ ಬಹಡು ಊರಿನವರು ಮೋವಾ ಹುಟ್ಟಿದ್ದು ತಮ್ಮಲ್ಲಿ ಎನ್ನುತ್ತಾರೆ, ಎರಡೂ ಊರಿನಲ್ಲಿ ಉತ್ತಮವಾದದ್ದು ಸಿಗುತ್ತದೆ. ಕನಕಚೂರ್ ಎಂಬ ಸುವಾಸನೆಯ ಭತ್ತದ ಅರಳನ್ನು ನೊಲೆನ್ ಗುಡ್ ಪಾಕದಲ್ಲಿ ಕಲಸಿ, ತುಪ್ಪ ಸವರಿದ ಕೈಯಲ್ಲಿ ಸಡಿಲವಾಗಿ ಉಂಡೆ ಕಟ್ಟಿ, ಮೇಲೆ ಖೋವಾ, ಗೋಡಂಬಿ, ಒಣದ್ರಾಕ್ಷಿ ಇಡುತ್ತಾರೆ. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ದೊರೆಯಿತು. ಭತ್ತ ಕೈಗೆ ಬರುವುದೂ ಬೆಲ್ಲ ಇಳಿಯುವುದೂ ಒಂದೇ ಕಾಲದಲ್ಲಾದ್ದರಿಂದ ಚಳಿಗಾಲದ ಹೊರಗೆ ನಿಜವಾದ ಮೋವಾ ಇರಲು ಸಾಧ್ಯವಿಲ್ಲ. ಆದರೆ ಚಳಿಗಾಲದಲ್ಲಿಯೂ ಸಾಮಾನ್ಯ ಅರಳಿಗೆ ಸಕ್ಕರೆಪಾಕ ಹಾಕಿ ಅದೇ ಹೆಸರಿನ ಡಬ್ಬಿಯಲ್ಲಿ ಮಾರುವವರು ನಗರದಲ್ಲಿದ್ದಾರೆ. ಒಳ್ಳೆಯ ಮೋವಾವನ್ನು ಬೆರಳಿನಿಂದ ಮೃದುವಾಗಿ ಒತ್ತಿದರೂ ಬಿರಿಯುತ್ತದೆ, ಬಾಯಲ್ಲಿ ಅರಳು ಅಗಿಯುವ ಮೊದಲೇ ಕರಗುತ್ತದೆ. ಹಲ್ಲಿಗೆ ಅಂಟಿ ಜಗ್ಗಿದರೆ ಅದು ಬರಿಯ ಸಕ್ಕರೆ. ನಾಲ್ಕೈದು ದಿನ ಹೊರಗೇ ಇಡಬಹುದು. ಫ್ರಿಜ್‌ನಲ್ಲಿ ಇಟ್ಟರೆ ಅದರ ಮೃದುತ್ವ ಹೋಗುತ್ತದೆ.

ಸಂದೇಶ್ ಬಗ್ಗೆ ಎರಡು ಮಾತು. ಛಾನಾವನ್ನು, ಅಂದರೆ ಹಾಲು ಒಡೆಸಿ ನೀರು ಬಸಿದ ಗಟ್ಟಿಯನ್ನು, ಅಂಗೈಯಿಂದ ನಯವಾಗಿ ತಿಕ್ಕಿ ಬೆಲ್ಲದೊಡನೆ ಕಾಯಿಸುವಾಗ ಬೇಗನೆ ಇಳಿಸಿದರೆ ನರಂ ಪಾಕ್, ಹೆಚ್ಚು ಹೊತ್ತು ಬಿಟ್ಟು ಗಟ್ಟಿ ಮಾಡಿದರೆ ಕಡಾ ಪಾಕ್. ಮೊದಲನೆಯದರಲ್ಲಿ ಬೆಲ್ಲದ ಸೊಗಸು ಹೆಚ್ಚು, ಅದನ್ನು ಕೊಂಡ ದಿನವೇ ತಿನ್ನಬೇಕು. ಎರಡನೆಯದು ಪ್ರಯಾಣಕ್ಕೆ ತಡೆಯುತ್ತದೆ. ಉತ್ತರ ಕೋಲ್ಕತ್ತದಲ್ಲಿ 1844ರಿಂದ ನಡೆಯುತ್ತಿರುವ ಗಿರೀಶ್ ಚಂದ್ರ ದೇ ಮತ್ತು ನಕುಡ್ ಚಂದ್ರ ನಂದಿ ಅವರ ಅಂಗಡಿ ಸಂದೇಶಕ್ಕೇ ಮೀಸಲಾದದ್ದು. ನಿಮಗೆ ಹತ್ತಿರವಾಗುವುದು ಭವಾನಿಪುರದ ಬಲರಾಮ್ ಮಲ್ಲಿಕ್. ಒಂದು ಭಾನುವಾರ ಬಿಡುವಿದ್ದರೆ ಚಂದನನಗರಕ್ಕೆ ಹೋಗಿ ಸೂರ್ಯ ಮೋದಕ್ ಅವರ ಅಂಗಡಿಯ ಜಲ್‌ಭರಾ ತಿನ್ನಿ. ತಾಳೆಹಣ್ಣಿನ ನುಂಗಿನ ಆಕಾರದ ಈ ಸಂದೇಶದ ಹೊಟ್ಟೆಯಲ್ಲಿ ಚಳಿಗಾಲದಲ್ಲಿ ದ್ರವ ನೊಲೆನ್ ಗುಡ್ ಇರುತ್ತದೆ. ಹೊಸದಾಗಿ ಮನೆಗೆ ಬಂದ ಅಳಿಯನನ್ನು ಮೋಜಿಗಾಗಿ ಬೆಪ್ಪುಗೊಳಿಸಲು ಒಬ್ಬ ಜಮೀನ್ದಾರರ ಮನೆಯವರು ಇದನ್ನು ಮಾಡಿಸಿದರು ಎಂಬ ಕಥೆ ಅಲ್ಲಿ ಪ್ರಸಿದ್ಧವಾಗಿದೆ. ಮಾವನವರ ಬಿಳಿ ಅಂಗಿಯ ಮೇಲೆ ಬೆಲ್ಲ ಸೋರದಂತೆ ಮೊದಲೇ ಎಚ್ಚರಿಸಿ.

ಬೆಲ್ಲ ಸಾಗಿಸುವುದಾದರೆ ಪಾಟಾಲಿಯನ್ನೇ ಕೊಳ್ಳಿ. ಕಾಗದದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು, ಊರು ತಲುಪಿದ ದಿನವೇ ಫ್ರೀಜರ್‌ನಲ್ಲಿ ಇಟ್ಟರೆ ಯುಗಾದಿಯವರೆಗೂ ಪರಿಮಳ ಉಳಿಯುತ್ತದೆ. ಝೋಲಾ ಗುಡ್ ದಕ್ಷಿಣದ ಬಿಸಿಲಿಗೆ ಬೇಗ ನೊರೆಗಟ್ಟಿ ಹುಳಿಯುತ್ತದೆ. ಒಯ್ಯಲೇಬೇಕೆಂದಿದ್ದರೆ ಡಬ್ಬಿಯನ್ನು ಕಂಠದವರೆಗೆ ತುಂಬಬೇಡಿ, ಸ್ವಲ್ಪ ಜಾಗ ಬಿಡಿ. ಬೆಲ್ಲವನ್ನು ಸಂಕ್ರಾಂತಿಯ ಹಿಂದು ಮುಂದಿನ ವಾರಗಳಲ್ಲಿಯೇ ಕೊಂಡುಬಿಡಿ. ಫೆಬ್ರವರಿಯ ಬೆಲ್ಲಕ್ಕೆ ಬೆಲೆ ಇಳಿದಿರುತ್ತದೆ, ಆದರೆ ಹಗಲು ಕಾದಂತೆಲ್ಲ ರಸದ ಗುಣ ಇಳಿಯುವುದರಿಂದ ಅದರಲ್ಲಿ ನಿಮ್ಮ ಕೆಳಗಿನ ಮನೆಯವರ ಪಾಯೇಶ್‌ನ ರುಚಿ ಬರುವುದಿಲ್ಲ.

ಹೂಗ್ಲಿಯ ಸೊಸೆ

ಒಂದು ಸಣ್ಣ ಸೇರ್ಪಡೆ. ಗೋಬಿಂದಭೋಗ್ ಅಕ್ಕಿಯನ್ನೂ ಒಂದು ಕಿಲೋ ಕಟ್ಟಿಸಿ ಕಳಿಸಿ. ಸಣ್ಣಕ್ಕಿಯಲ್ಲಿ ಪಾಯೇಶ್ ಆಗುತ್ತದೆ, ಆದರೆ ಅತ್ತೆಯವರು ಇಲ್ಲಿ ಉಂಡದ್ದನ್ನೇ ಊರಿನಲ್ಲಿ ಮಾಡಬೇಕೆಂದರೆ ಅಕ್ಕಿಯೂ ಇಲ್ಲಿನದೇ ಇರಬೇಕು. ಮತ್ತು ಅಲ್ಲಿ ಹಾಲು ಕಾಯಿಸುವ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆಯ ಸೋಂಕು ಸ್ವಲ್ಪವೂ ಇರದಂತೆ ತೊಳೆದುಕೊಳ್ಳಲು ಹೇಳಿ, ಒಡೆಯುವ ಭಯ ಅರ್ಧ ಕಡಿಮೆಯಾಗುತ್ತದೆ.